ನೆಲವಾಸಿ ಚಪ್ಪಟೆ ಹುಳುಗಳು

ನೆಲವಾಸಿ ಚಪ್ಪಟೆ ಹುಳುಗಳು ಪ್ಲ್ಯಾಟಿಹೆಲ್ಮಿಂಥಿಸ್ ವಂಶಕ್ಕೆ ಸೇರಿದ, ನೀರಿನಿಂದ ಹೊರಗೆ ತೇವವಿರುವ ನೆಲದಲ್ಲಿ ಸ್ವತಂತ್ರವಾಗಿ ಜೀವಿಸುವ ಮೃದುದೇಹದ ಅಕಶೇರುಕಗಳು. ಇವುಗಳಿಗೆ ನೆಲವಾಸಿ ಪ್ಲನೇರಿಯಾ ಎಂಬ ಹೆಸರೂ ಉಂಟು. ಇವೆಲ್ಲವೂ ಜಿಯೋಪ್ಲಾನಿಡೆ ಎಂಬ ಒಂದೇ ಕುಟುಂಬದಲ್ಲಿ ಬರುತ್ತವೆ. ಜಗತ್ತಿನಾದ್ಯಂತ ಈವರೆಗೆ 900ಕ್ಕೂ ಹೆಚ್ಚು ಪ್ರಭೇದಗಳನ್ನು ವಿವರಿಸಲಾಗಿದೆ. ಕೆಲವು ಪ್ರಭೇದಗಳು ಕೆಲವೇ ಮಿಲಿಮೀಟರ್ ಉದ್ದವಿದ್ದರೆ, ಜಪಾನಿನಲ್ಲಿ ಕಂಡುಬರುವ ಬೈಪ್ಯಾಲಿಯಮ್ ನೊಬೈಲ್ ಸುಮಾರು ಒಂದು ಮೀಟರಿನವರೆಗೆ ಚಾಚಿಕೊಳ್ಳಬಲ್ಲದು.

ಕರ್ನಾಟಕದಲ್ಲಿ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಮಲೆನಾಡಿನ ತೋಟಗಳಲ್ಲಿಯೂ ಮಳೆಗಾಲದಲ್ಲಿ ಇವು ಕಾಣಸಿಗುತ್ತವೆ. ಅರ್ಧಚಂದ್ರಾಕಾರದ ತಲೆಯುಳ್ಳ ಬೈಪ್ಯಾಲಿಯಮ್ ಬಗೆಯ ಹುಳುಗಳು ಸುಲಭವಾಗಿ ಗಮನ ಸೆಳೆಯುತ್ತವೆ. ಮಲೆನಾಡಿನ ಜನ ಇವನ್ನು ಇಂಬಳವೆಂದು ಭಾವಿಸಿ ಉಪ್ಪು ಹಾಕಿ ಕೊಲ್ಲುವುದುಂಟು. ಆದರೆ ಇವು ರಕ್ತ ಹೀರುವ ಪ್ರಾಣಿಗಳಲ್ಲ. ಇವುಗಳ ಹೊರರೂಪ ಸರಳವಾಗಿದ್ದರೂ ಒಳರಚನೆ ಬಹಳ ಸಂಕೀರ್ಣ. ವರ್ಗೀಕರಣವೂ ಬಹುಮಟ್ಟಿಗೆ ಈ ಒಳರಚನೆಯನ್ನೇ ಆಧರಿಸಿದೆ.

ವೈಜ್ಞಾನಿಕ ಸ್ಥಾನ

ಸಾಮ್ರಾಜ್ಯ: ಪ್ರಾಣಿಗಳು
ವಂಶ: ಪ್ಲ್ಯಾಟಿಹೆಲ್ಮಿಂಥಿಸ್
ವರ್ಗ: ರ‍್ಯಾಬ್ಡಿಟೋಫೋರಾ
ಗಣ: ಟ್ರೈಕ್ಲಾಡಿಡಾ
ಉಪಗಣ: ಕಾಂಟಿನೆಂಟಿಕೋಲಾ
ಮಹಾಕುಟುಂಬ: ಜಿಯೋಪ್ಲಾನಾಯ್ಡಿಯಾ
ಕುಟುಂಬ: ಜಿಯೋಪ್ಲಾನಿಡೆ (ಸ್ಟಿಂಪ್ಸನ್, 1857)

ಹೆಸರು

'ಪ್ಲ್ಯಾಟಿಹೆಲ್ಮಿಂಥಿಸ್' ಎಂಬುದು ಗ್ರೀಕ್ ಮೂಲದ ಪದ. ಚಪ್ಪಟೆಯಾದ ಹುಳುಗಳು ಎಂದು ಅದರ ಅರ್ಥ. 'ಟ್ರೈಕ್ಲಾಡಿಡಾ' ಎಂದರೆ ಮೂರು ಕವಲುಗಳುಳ್ಳದ್ದು. ಈ ಗಣದ ಪ್ರಾಣಿಗಳ ಕರುಳು ಮೂರಾಗಿ ಕವಲೊಡೆಯುವುದರಿಂದ ಈ ಹೆಸರು ಬಂದಿದೆ. 'ಬೈಪ್ಯಾಲಿಯಮ್' ಎಂದರೆ ಲ್ಯಾಟಿನ್ ಭಾಷೆಯಲ್ಲಿ ನೆಲ ಅಗೆಯುವ ಒಂದು ಬಗೆಯ ಸಲಿಕೆ. ಹುಳುವಿನ ಅಗಲವಾದ ತಲೆಯ ಆಕಾರವನ್ನು ಕಂಡು ಅಮೆರಿಕದ ಪ್ರಾಣಿಶಾಸ್ತ್ರಜ್ಞ ವಿಲಿಯಂ ಸ್ಟಿಂಪ್ಸನ್ 1857ರಲ್ಲಿ ಈ ಹೆಸರನ್ನಿಟ್ಟನು. ಕನ್ನಡದ ಪತ್ರಿಕೆಗಳಲ್ಲಿ ಇಂತಹ ಹುಳುಗಳನ್ನು 'ಸುತ್ತಿಗೆ ತಲೆಯ ಹುಳು' ಎಂದು ಕರೆಯುವ ರೂಢಿ ಇದೆ.

ಮಲೆನಾಡಿನಲ್ಲಿ ನೆಲೆ

ಶಿವಮೊಗ್ಗ ನಗರವು ತುಂಗಾ ನದಿಯ ದಡದಲ್ಲಿಯೂ ಭದ್ರಾವತಿಯು ಭದ್ರಾ ನದಿಯ ದಡದಲ್ಲಿಯೂ ಇವೆ. ಎರಡು ನದಿಗಳೂ ಕೂಡಲಿಯಲ್ಲಿ ಸಂಗಮಿಸಿ ತುಂಗಭದ್ರೆಯಾಗುತ್ತವೆ. ಈ ಎರಡು ಊರುಗಳು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನಲ್ಲಿವೆ. ಪಶ್ಚಿಮಕ್ಕೆ ಹೋದಂತೆ ಮಳೆ ಹೆಚ್ಚುತ್ತದೆ. ಇದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತದೆ.

ನೆಲವಾಸಿ ಚಪ್ಪಟೆ ಹುಳುಗಳ ಬದುಕಿಗೆ ಈ ತೇವವೇ ಆಧಾರ. ದೇಹದಿಂದ ನೀರು ಆವಿಯಾಗುವುದನ್ನು ತಡೆಯುವ ದಪ್ಪ ಚರ್ಮವಾಗಲಿ, ಚಿಪ್ಪಾಗಲಿ ಇವಕ್ಕಿಲ್ಲ. ಹಾಗೆಂದು ನೀರಿನಲ್ಲಿ ಮುಳುಗಿ ಬಹುಕಾಲ ಬದುಕಲಾರವು. ಹೀಗಾಗಿ ಒಣಗದ, ಆದರೆ ನೀರು ನಿಲ್ಲದ ಎಡೆಗಳೇ ಇವಕ್ಕೆ ಬೇಕು. ಕೊಳೆಯುತ್ತಿರುವ ಮರದ ದಿಮ್ಮಿಯ ಅಡಿ, ತರಗೆಲೆಯ ಹೊದಿಕೆ, ಕಲ್ಲಿನ ಸಂದು, ಅಡಿಕೆ ತೋಟದಲ್ಲಿ ಬಿದ್ದ ಹಾಳೆಯ ಕೆಳಭಾಗ, ಬಾಳೆಯ ಬುಡ, ಗೊಬ್ಬರದ ಗುಂಡಿಯ ಅಂಚು, ಮನೆಯಂಗಳದ ಹೂಕುಂಡದ ತಳ ಇವೆಲ್ಲ ಅಂತಹ ನೆಲೆಗಳು. ಹಗಲಿನಲ್ಲಿ ಅಡಗಿದ್ದು ರಾತ್ರಿ ಹೊರಬರುತ್ತವೆ. ಜೋರು ಮಳೆಯಾದ ಮಾರನೆಯ ಬೆಳಗ್ಗೆ ಅಂಗಳದಲ್ಲಿ, ಬಚ್ಚಲಿನ ಬಳಿ, ತೋಟದ ದಾರಿಯಲ್ಲಿ ಕಾಣಿಸಿಕೊಂಡು ಬಿಸಿಲೇರುವ ಮುನ್ನ ಮರೆಯಾಗುತ್ತವೆ. ಬೇಸಿಗೆಯಲ್ಲಿ ಮಣ್ಣಿನ ಬಿರುಕುಗಳ ಆಳಕ್ಕೆ ಇಳಿಯುವುದರಿಂದ ಕಣ್ಣಿಗೆ ಬೀಳುವುದು ಅಪರೂಪ.

ಬಾಹ್ಯ ಲಕ್ಷಣಗಳು

ದೇಹವು ಉದ್ದವಾಗಿ, ರಿಬ್ಬನ್ನಿನಂತೆ ಅಥವಾ ಎಲೆಯಂತೆ ಚಪ್ಪಟೆಯಾಗಿರುತ್ತದೆ. ಎಡಬಲ ಭಾಗಗಳು ಸಮರೂಪದಲ್ಲಿರುತ್ತವೆ. ಮೈಮೇಲೆ ಉಂಗುರಗಳಿಲ್ಲ, ಬಿರುಗೂದಲಿಲ್ಲ, ಕಾಲುಗಳಿಲ್ಲ. ಬೆನ್ನಿನ ಮೇಲೆ ಉದ್ದುದ್ದವಾಗಿ ಸಾಗುವ ಕಪ್ಪು, ಕಂದು, ಹಳದಿ ಅಥವಾ ನೀಲಿ ಪಟ್ಟೆಗಳಿರುವುದು ಸಾಮಾನ್ಯ. ಹೊಟ್ಟೆಯ ಭಾಗ ಹೆಚ್ಚಾಗಿ ಮಾಸಲು ಬಣ್ಣದ್ದಾಗಿರುತ್ತದೆ.

ಹೊಟ್ಟೆಯ ಭಾಗದಲ್ಲಿ ಉದ್ದಕ್ಕೂ ಒಂದು ತೆವಳುಪಟ್ಟಿ ಇದೆ. ಇದರ ಮೇಲೆ ಸೂಕ್ಷ್ಮವಾದ ಲೋಮಾಂಗಗಳು ದಟ್ಟವಾಗಿರುತ್ತವೆ. ಹುಳು ಲೋಳೆಯನ್ನು ಸ್ರವಿಸಿ, ಅದರ ಮೇಲೆ ಲೋಮಾಂಗಗಳ ಬಡಿತದಿಂದಲೂ ಸ್ನಾಯುಗಳ ಅಲೆಯಂತಹ ಚಲನೆಯಿಂದಲೂ ಜಾರುತ್ತಾ ಮುಂದುವರಿಯುತ್ತದೆ. ಕೆಲವು ಪ್ರಭೇದಗಳು ಲೋಳೆಯ ಎಳೆಯನ್ನೇ ಹಗ್ಗದಂತೆ ಬಳಸಿ ಎತ್ತರದಿಂದ ಕೆಳಗಿಳಿಯುತ್ತವೆ.

ಬಾಯಿ ತಲೆಯಲ್ಲಿಲ್ಲ; ಅದು ಹೊಟ್ಟೆಯ ಭಾಗದಲ್ಲಿ, ಸುಮಾರು ದೇಹದ ನಡುವೆ ಇದೆ. ಬಾಯಿಯ ಹಿಂದೆ ಸ್ವಲ್ಪ ದೂರದಲ್ಲಿ ಜನನರಂಧ್ರವಿರುತ್ತದೆ. ಹಿಡಿಮಸೂರದಿಂದ ನೋಡಿದರೆ ಬೆಳೆದ ಹುಳುವಿನಲ್ಲಿ ಈ ಎರಡೂ ರಂಧ್ರಗಳನ್ನು ಗುರುತಿಸಬಹುದು.

ಇಂಬಳ ಮತ್ತು ಎರೆಹುಳುಗಳಿಂದ ವ್ಯತ್ಯಾಸ

ಮಲೆನಾಡಿನಲ್ಲಿ ಮಳೆಗಾಲದ ನೆಲದ ಮೇಲೆ ಕಾಣುವ ಮೃದುದೇಹದ ಪ್ರಾಣಿಗಳಲ್ಲಿ ಗೊಂದಲ ಉಂಟಾಗುವುದು ಸಹಜ. ಕೆಳಗಿನ ಲಕ್ಷಣಗಳಿಂದ ಅವನ್ನು ಬೇರ್ಪಡಿಸಬಹುದು.

ಇಂಬಳ: ವಲಯವಂತ ಹುಳುಗಳ ವಂಶಕ್ಕೆ ಸೇರಿದೆ. ಮೈಮೇಲೆ ಸೂಕ್ಷ್ಮ ಉಂಗುರಗಳಿವೆ. ಎರಡು ತುದಿಗಳಲ್ಲಿಯೂ ಹೀರುಬಟ್ಟಲುಗಳಿವೆ. ಒಂದು ತುದಿಯನ್ನು ಊರಿ, ಮೈಯನ್ನು ಬಿಲ್ಲಿನಂತೆ ಬಾಗಿಸಿ, ಗೇಣು ಹಾಕಿ ಅಳೆಯುವಂತೆ ಚಲಿಸುತ್ತದೆ. ಮನುಷ್ಯರ ಮತ್ತು ದನಕರುಗಳ ರಕ್ತ ಹೀರುತ್ತದೆ.

ಎರೆಹುಳು: ಇದೂ ವಲಯವಂತ ಪ್ರಾಣಿ. ದೇಹ ದುಂಡಗಿದ್ದು ಸ್ಪಷ್ಟವಾದ ಉಂಗುರಗಳಿವೆ. ಬಾಯಿ ಮುಂದಿನ ತುದಿಯಲ್ಲಿ, ಗುದದ್ವಾರ ಹಿಂದಿನ ತುದಿಯಲ್ಲಿ ಇದೆ. ಮಣ್ಣು ಮತ್ತು ಕೊಳೆತ ಸಸ್ಯಭಾಗಗಳನ್ನು ತಿನ್ನುತ್ತದೆ.

ಚಿಪ್ಪಿಲ್ಲದ ಬಸವನಹುಳು: ಮೃದ್ವಂಗಿಗಳ ವಂಶಕ್ಕೆ ಸೇರಿದೆ. ತಲೆಯಲ್ಲಿ ಹೊರಚಾಚುವ, ಒಳಸೇರುವ ಮೀಸೆಯಂತಹ ಅಂಗಗಳಿವೆ. ಎಲೆ, ಚಿಗುರುಗಳನ್ನು ತಿನ್ನುತ್ತದೆ.

ಚಪ್ಪಟೆ ಹುಳು: ಉಂಗುರ, ಹೀರುಬಟ್ಟಲು, ಮೀಸೆ ಯಾವುದೂ ಇಲ್ಲ. ನೆಲಕ್ಕೆ ಅಂಟಿಕೊಂಡು ಜಾರುತ್ತದೆ. ಬೈಪ್ಯಾಲಿಯಮ್ ಬಗೆಯ ಹುಳು ಸಾಗುವಾಗ ಅಗಲವಾದ ತಲೆಯನ್ನು ಸ್ವಲ್ಪ ಎತ್ತಿ ಅತ್ತಿತ್ತ ಆಡಿಸುತ್ತದೆ. ಮನುಷ್ಯರನ್ನು ಕಚ್ಚುವುದಿಲ್ಲ.

ಅಂಗರಚನೆ

ದೇಹಭಿತ್ತಿ ಮತ್ತು ಒಳತುಂಬು

ಚಪ್ಪಟೆ ಹುಳುಗಳ ಭ್ರೂಣದಲ್ಲಿ ಹೊರಪದರ, ಮಧ್ಯಪದರ, ಒಳಪದರ ಎಂಬ ಮೂರು ಪದರಗಳಿವೆ. ಆದರೆ ಎರೆಹುಳುವಿನಲ್ಲಿರುವಂತಹ ದೇಹಾವಕಾಶ ಇವುಗಳಲ್ಲಿಲ್ಲ. ದೇಹಭಿತ್ತಿಗೂ ಕರುಳಿಗೂ ನಡುವಿನ ಜಾಗವನ್ನು ಪ್ಯಾರೆಂಕೈಮಾ ಎಂಬ ಮೃದುವಾದ ಅಂಗಾಂಶವು ತುಂಬಿಕೊಂಡಿದೆ.

ಹೊರಚರ್ಮ ಒಂದೇ ಕೋಶಪದರದ್ದು. ಅದರಲ್ಲಿ ರ‍್ಯಾಬ್ಡೈಟ್ ಎಂಬ ಕಡ್ಡಿಯಂತಹ ಸೂಕ್ಷ್ಮ ರಚನೆಗಳಿವೆ. ಹುಳುವಿಗೆ ತೊಂದರೆಯಾದಾಗ ಇವು ಹೊರಬಂದು ನೀರನ್ನು ಹೀರಿ ಉಬ್ಬಿ ಲೋಳೆಯಾಗುತ್ತವೆ. ಚಪ್ಪಟೆ ಹುಳುವನ್ನು ಮುಟ್ಟಿದಾಗ ಕೈಗೆ ಅಂಟುವ ಲೋಳೆಯಲ್ಲಿ ಇವುಗಳ ಪಾಲೂ ಇದೆ. ಹೊರಚರ್ಮದ ಕೆಳಗೆ ವೃತ್ತಾಕಾರ, ಓರೆ ಮತ್ತು ನೀಳ ಸ್ನಾಯುಗಳು ಪದರಪದರವಾಗಿವೆ. ಒಳಗಿನ ಅಂಗಾಂಶದಲ್ಲಿಯೂ ಸ್ನಾಯುಗಳಿರುತ್ತವೆ. ನೀಳ ಸ್ನಾಯುಗಳು ಎಷ್ಟು ಬಲವಾಗಿವೆ, ಕಟ್ಟುಗಳಾಗಿವೆಯೇ, ಯಾವ ಆಳದಲ್ಲಿವೆ ಎಂಬ ಅಂಶಗಳು ಉಪಕುಟುಂಬಗಳನ್ನು ಗುರುತಿಸಲು ನೆರವಾಗುತ್ತವೆ.

ಜೀರ್ಣಾಂಗಗಳು

ಬಾಯಿಯ ಒಳಗೆ ಒಂದು ಕೋಶದಲ್ಲಿ ಸ್ನಾಯುಯುಕ್ತವಾದ ಗಂಟಲ ನಳಿಕೆ ಮಡಚಿಕೊಂಡಿರುತ್ತದೆ. ಆಹಾರ ಸಿಕ್ಕಾಗ ಹುಳು ಈ ನಳಿಕೆಯನ್ನು ಬಾಯಿಯಿಂದ ಹೊರಕ್ಕೆ ಚಾಚುತ್ತದೆ. ಅದು ಕೆಲವು ಪ್ರಭೇದಗಳಲ್ಲಿ ಕೊಳವೆಯಂತೆಯೂ ಇನ್ನು ಕೆಲವುಗಳಲ್ಲಿ ಗಂಟೆಯಂತೆ ಅಗಲವಾಗಿಯೂ ಇರುತ್ತದೆ. ನಳಿಕೆಯಿಂದ ಸ್ರವಿಸುವ ಜೀರ್ಣರಸಗಳು ಬೇಟೆಯ ದೇಹವನ್ನು ಹೊರಗೇ ಕರಗಿಸಲು ತೊಡಗುತ್ತವೆ. ಕರಗಿದ ಭಾಗವನ್ನು ಹುಳು ಹೀರಿಕೊಳ್ಳುತ್ತದೆ.

ಗಂಟಲ ನಳಿಕೆಯ ಬುಡದಿಂದ ಕರುಳು ಮೂರಾಗಿ ಕವಲೊಡೆಯುತ್ತದೆ. ಒಂದು ಕವಲು ತಲೆಯ ಕಡೆಗೂ ಉಳಿದೆರಡು ಬಾಲದ ಕಡೆಗೂ ಸಾಗುತ್ತವೆ. ಪ್ರತಿಯೊಂದು ಕವಲಿನಿಂದಲೂ ಅನೇಕ ಉಪಕವಲುಗಳು ಹೊರಟು ದೇಹದ ಅಂಚಿನವರೆಗೂ ಹರಡಿರುತ್ತವೆ. ರಕ್ತಪರಿಚಲನೆ ಇಲ್ಲದ ಈ ಪ್ರಾಣಿಯಲ್ಲಿ ಆಹಾರವನ್ನು ಎಲ್ಲ ಭಾಗಗಳಿಗೂ ಮುಟ್ಟಿಸುವ ಕೆಲಸವನ್ನು ಈ ಕವಲುಗಳೇ ನಿರ್ವಹಿಸುತ್ತವೆ. ಗುದದ್ವಾರ ಇಲ್ಲದ ಕಾರಣ ಜೀರ್ಣವಾಗದೆ ಉಳಿದ ಪದಾರ್ಥ ಬಾಯಿಯ ಮೂಲಕವೇ ಹೊರಹೋಗುತ್ತದೆ.

ಉಸಿರಾಟ ಮತ್ತು ವಿಸರ್ಜನೆ

ಹೃದಯ, ರಕ್ತ, ಶ್ವಾಸಕೋಶ ಯಾವುದೂ ಇಲ್ಲ. ಆಮ್ಲಜನಕವು ತೇವವಾದ ಮೈಯ ಮೂಲಕ ನೇರವಾಗಿ ಒಳಸೇರುತ್ತದೆ. ದೇಹ ಚಪ್ಪಟೆಯಾಗಿರುವುದರಿಂದ ಯಾವ ಕೋಶವೂ ಮೈಯ ಹೊರಮೈಯಿಂದ ಬಹುದೂರವಿಲ್ಲ. ಹೀಗೆ ಈ ಪ್ರಾಣಿಯ ಆಕಾರಕ್ಕೂ ಅದರ ಉಸಿರಾಟಕ್ಕೂ ನೇರ ಸಂಬಂಧವಿದೆ. ಮೈ ಒಣಗಿದರೆ ಉಸಿರಾಟವೂ ನಿಲ್ಲುತ್ತದೆ.

ವಿಸರ್ಜನೆಗೆ ಜ್ವಾಲಾಕೋಶಗಳಿವೆ. ಇವುಗಳ ಒಳಗಿನ ಲೋಮಾಂಗಗಳ ಗೊಂಚಲು ಸೂಕ್ಷ್ಮದರ್ಶಕದಲ್ಲಿ ದೀಪದ ಕುಡಿಯಂತೆ ಮಿನುಗುವುದರಿಂದ ಈ ಹೆಸರು. ಇವು ದೇಹದ ದ್ರವವನ್ನು ಸೋಸಿ ಸೂಕ್ಷ್ಮ ನಾಳಗಳ ಮೂಲಕ ಹೊರಕ್ಕೆ ಸಾಗಿಸುತ್ತವೆ.

ನರಮಂಡಲ ಮತ್ತು ಜ್ಞಾನೇಂದ್ರಿಯಗಳು

ತಲೆಯ ಭಾಗದಲ್ಲಿ ನರಕೋಶಗಳು ಒತ್ತಾಗಿ ಸೇರಿ ಸರಳವಾದ ಮಿದುಳಾಗಿದೆ. ಅಲ್ಲಿಂದ ಹೊಟ್ಟೆಯ ಭಾಗದಲ್ಲಿ ನರಹುರಿಗಳು ಹಿಂದಕ್ಕೆ ಸಾಗುತ್ತವೆ. ಅಡ್ಡನರಗಳು ಅವನ್ನು ಜೋಡಿಸುತ್ತವೆ.

ಕಣ್ಣುಗಳು ಬಣ್ಣದ ಬಟ್ಟಲಿನಂತಹ ಸೂಕ್ಷ್ಮ ಚುಕ್ಕೆಗಳು. ಇವು ಬೆಳಕಿನ ದಿಕ್ಕನ್ನು ತಿಳಿಯಬಲ್ಲವೇ ಹೊರತು ವಸ್ತುಗಳ ರೂಪವನ್ನು ಕಾಣಲಾರವು. ರಿಂಕೋಡೆಮಸ್ ಬಗೆಯ ಹುಳುಗಳಿಗೆ ತಲೆಯ ತುದಿಯ ಬಳಿ ಎರಡೇ ಕಣ್ಣುಗಳಿವೆ. ಬೈಪ್ಯಾಲಿಯಮ್ ಮತ್ತು ಜಿಯೋಪ್ಲಾನಾ ಬಗೆಯವುಗಳಿಗೆ ತಲೆಯ ಅಂಚಿನಲ್ಲಿ ಹಾಗೂ ದೇಹದ ಬದಿಗಳಲ್ಲಿ ಅನೇಕ ಕಣ್ಣುಗಳಿರುತ್ತವೆ. ಬೈಪ್ಯಾಲಿಯಮ್ ತಲೆಯ ಅಂಚಿನುದ್ದಕ್ಕೂ ಚಿಕ್ಕ ಗುಳಿಗಳ ಸಾಲೊಂದಿದೆ. ವಾಸನೆ ಹಾಗೂ ರುಚಿಯನ್ನು ಹೋಲುವ ರಾಸಾಯನಿಕ ಸಂವೇದನೆ ಈ ಗುಳಿಗಳಿಂದ ದೊರೆಯುತ್ತದೆ. ಹುಳು ತಲೆಯನ್ನು ಅತ್ತಿತ್ತ ಆಡಿಸುವುದು ಎರೆಹುಳುವಿನ ಜಾಡನ್ನು ಹಿಡಿಯಲು.

ಜನನಾಂಗಗಳು

ನೆಲವಾಸಿ ಚಪ್ಪಟೆ ಹುಳುಗಳು ಉಭಯಲಿಂಗಿಗಳು. ಒಂದೇ ಹುಳುವಿನಲ್ಲಿ ಗಂಡು ಮತ್ತು ಹೆಣ್ಣು ಜನನಾಂಗಗಳು ಇರುತ್ತವೆ. ಎರಡು ಅಂಡಾಶಯಗಳು ದೇಹದ ಮುಂಭಾಗದಲ್ಲಿವೆ. ವೃಷಣಗಳು ಅನೇಕವಾಗಿದ್ದು ದೇಹದ ಎರಡೂ ಬದಿಗಳಲ್ಲಿ ಸಾಲಾಗಿರುತ್ತವೆ. ಭ್ರೂಣಕ್ಕೆ ಆಹಾರವಾಗುವ ಹಳದಿಯನ್ನು ಮೊಟ್ಟೆಯ ಒಳಗೆ ಇರಿಸದೆ, ಪ್ರತ್ಯೇಕ ಗ್ರಂಥಿಗಳು ತಯಾರಿಸುತ್ತವೆ. ಸಂಭೋಗಾಂಗಗಳು ಬಾಯಿಯ ಹಿಂಭಾಗದಲ್ಲಿದ್ದು ಒಂದೇ ಜನನರಂಧ್ರಕ್ಕೆ ತೆರೆದುಕೊಳ್ಳುತ್ತವೆ. ಪ್ರಭೇದದಿಂದ ಪ್ರಭೇದಕ್ಕೆ ಅತಿ ಹೆಚ್ಚು ವ್ಯತ್ಯಾಸ ತೋರುವುದು ಈ ಭಾಗ. ಆದ್ದರಿಂದ ವರ್ಗೀಕರಣದಲ್ಲಿ ಇದಕ್ಕೆ ವಿಶೇಷ ಪ್ರಾಮುಖ್ಯವಿದೆ.

ಮಿಲನದ ಅನಂತರ ಹುಳು ಗಟ್ಟಿಯಾದ ಹೊದಿಕೆಯುಳ್ಳ ಚಿಕ್ಕ ಗುಂಡಿನಂತಹ ಮೊಟ್ಟೆಗೂಡನ್ನು ಇಡುತ್ತದೆ. ಬೈಪ್ಯಾಲಿಯಮ್ ಕ್ಯೂಯೆನ್ಸಿಯಲ್ಲಿ ಇದು ಮೊದಲು ಕೆಂಪಾಗಿದ್ದು ಸುಮಾರು ಒಂದು ದಿನದೊಳಗೆ ಕಪ್ಪಾಗುತ್ತದೆ. ಸುಮಾರು ಮೂರು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಲಾರ್ವಾ ಹಂತವಿಲ್ಲ. ಮರಿಗಳು ದೊಡ್ಡ ಹುಳುಗಳ ಚಿಕ್ಕ ಪ್ರತಿರೂಪದಂತಿರುತ್ತವೆ.

ತುಂಡಾಗುವಿಕೆ ಮತ್ತು ಪುನರುತ್ಪಾದನೆ

ಪದವಿಪೂರ್ವ ತರಗತಿಯ ಜೀವಶಾಸ್ತ್ರ ಪಠ್ಯದಲ್ಲಿ ಚಪ್ಪಟೆ ಹುಳುಗಳ ವಂಶವನ್ನು ಪರಿಚಯಿಸುವಾಗ ಪ್ಲನೇರಿಯಾದ ಪುನರುತ್ಪಾದನ ಸಾಮರ್ಥ್ಯವನ್ನು ಹೆಸರಿಸಲಾಗುತ್ತದೆ. ಪ್ರಯೋಗಾಲಯದ ಪ್ಲನೇರಿಯಾ ನೀರಿನಲ್ಲಿ ವಾಸಿಸುವಂಥದು. ನೆಲವಾಸಿ ಹುಳುಗಳು ಅದರ ಹತ್ತಿರದ ಬಂಧುಗಳು. ಇವುಗಳ ಅಂಗಾಂಶದಲ್ಲಿ ನಿಯೋಬ್ಲಾಸ್ಟ್ ಎಂಬ ಆಕರಕೋಶಗಳು ಹರಡಿಕೊಂಡಿವೆ. ದೇಹದ ಯಾವುದೇ ಬಗೆಯ ಕೋಶವಾಗಿ ಬೆಳೆಯುವ ಶಕ್ತಿ ಈ ಕೋಶಸಮೂಹಕ್ಕಿದೆ. ಗಾಯವಾದಾಗ ಇವು ವಿಭಜನೆ ಹೊಂದಿ ಕಳೆದುಹೋದ ಭಾಗವನ್ನು ಮತ್ತೆ ಕಟ್ಟುತ್ತವೆ.

ಬೈಪ್ಯಾಲಿಯಮ್ ಕ್ಯೂಯೆನ್ಸಿಯಲ್ಲಿ ಇದು ಸಂತಾನವೃದ್ಧಿಯ ಮುಖ್ಯ ಮಾರ್ಗವೂ ಆಗಿದೆ. ಹುಳು ತನ್ನ ಬಾಲದ ತುದಿಯನ್ನು ನೆಲಕ್ಕೆ ಬಿಗಿಹಿಡಿದು ಮುಂದೆ ಎಳೆದುಕೊಂಡಾಗ ಹಿಂಭಾಗದ ಚಿಕ್ಕ ತುಂಡು ಕಳಚಿಕೊಳ್ಳುತ್ತದೆ. ಆ ತುಂಡಿನಲ್ಲಿ ಕೆಲವೇ ದಿನಗಳಲ್ಲಿ ಹೊಸ ತಲೆ ರೂಪುಗೊಳ್ಳಲು ಆರಂಭವಾಗುತ್ತದೆ. ಆದ್ದರಿಂದ ಕತ್ತಿಯಿಂದ ಕತ್ತರಿಸಿ ಬಿಸಾಡಿದರೆ ಹುಳುಗಳ ಸಂಖ್ಯೆ ಕಡಿಮೆಯಾಗುವ ಬದಲು ಹೆಚ್ಚಬಹುದು. ಆಹಾರವಿಲ್ಲದಾಗ ತಮ್ಮದೇ ಅಂಗಾಂಶವನ್ನು ಕರಗಿಸಿಕೊಂಡು ಗಾತ್ರದಲ್ಲಿ ಕುಗ್ಗಿ ಬದುಕುವ ಸಾಮರ್ಥ್ಯವೂ ಇವಕ್ಕಿದೆ.

ಆಹಾರ

ಎಲ್ಲ ನೆಲವಾಸಿ ಚಪ್ಪಟೆ ಹುಳುಗಳೂ ಮಾಂಸಾಹಾರಿಗಳು. ಎರೆಹುಳು, ಬಸವನಹುಳು, ಕೀಟಗಳು ಮತ್ತು ಮಣ್ಣಿನ ಇತರ ಚಿಕ್ಕ ಜೀವಿಗಳು ಇವುಗಳ ಆಹಾರ. ಬೈಪ್ಯಾಲಿಯಮ್ ಕ್ಯೂಯೆನ್ಸಿ ಮುಖ್ಯವಾಗಿ ಎರೆಹುಳುಗಳನ್ನು ಬೇಟೆಯಾಡುತ್ತದೆ. ಬೈಪ್ಯಾಲಿಯಮ್ ವೇಗಮ್ ಬಸವನಹುಳುಗಳನ್ನು ತಿನ್ನುತ್ತದೆ. ತನಗಿಂತ ದೊಡ್ಡದಾದ ಎರೆಹುಳುವಿನ ಮೈಗೆ ಹತ್ತಿ, ಅಂಟುಲೋಳೆಯಿಂದ ಬಿಗಿದು ಹಿಡಿಯುವುದುಂಟು. 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಬೈಪ್ಯಾಲಿಯಮ್ ಕ್ಯೂಯೆನ್ಸಿ ಹಾಗೂ ಬೈಪ್ಯಾಲಿಯಮ್ ಅಡ್ವೆಂಟಿಶಿಯಮ್ ಎಂಬ ಎರಡು ಪ್ರಭೇದಗಳಲ್ಲಿ ಟೆಟ್ರೋಡೋಟಾಕ್ಸಿನ್ ಎಂಬ ನರವಿಷ ಪತ್ತೆಯಾಯಿತು. ಇದು ಕೆಲವು ಉಬ್ಬುಮೀನುಗಳಲ್ಲಿ ಕಂಡುಬರುವ ವಿಷವೇ ಆಗಿದೆ. ನೆಲದ ಮೇಲೆ ವಾಸಿಸುವ ಅಕಶೇರುಕಗಳಲ್ಲಿ ಈ ವಿಷ ಕಂಡುಬಂದದ್ದು ಅದೇ ಮೊದಲು.

ಅಧ್ಯಯನದ ಇತಿಹಾಸ

ನೆಲವಾಸಿ ಚಪ್ಪಟೆ ಹುಳುವನ್ನು ಮೊದಲು ವಿವರಿಸಿದವನು ಡೆನ್ಮಾರ್ಕಿನ ಓಟೋ ಫ್ರೆಡ್ರಿಕ್ ಮುಲ್ಲರ್. 1774ರಲ್ಲಿ ಆತ ಯುರೋಪಿನ ಒಂದು ಚಿಕ್ಕ ಹುಳುವಿಗೆ ಫ್ಯಾಸಿಯೋಲಾ ಟೆರೆಸ್ಟ್ರಿಸ್ ಎಂದು ಹೆಸರಿಟ್ಟನು. ಅದು ಈಗ ಮೈಕ್ರೋಪ್ಲಾನಾ ಟೆರೆಸ್ಟ್ರಿಸ್ ಎನಿಸಿಕೊಂಡಿದೆ. ಯಕೃತ್ತಿನ ಪರಾವಲಂಬಿಯ ಹೆಸರಾದ ಫ್ಯಾಸಿಯೋಲಾದ ಅಡಿಯಲ್ಲಿ ಸ್ವತಂತ್ರಜೀವಿಯೊಂದು ಸೇರಿದ್ದು ಅಂದಿನ ವರ್ಗೀಕರಣದ ಸ್ಥಿತಿಯನ್ನು ತೋರಿಸುತ್ತದೆ.

ಚಾರ್ಲ್ಸ್ ಡಾರ್ವಿನ್ ಬೀಗಲ್ ನೌಕಾಯಾನದಲ್ಲಿ ದಕ್ಷಿಣ ಗೋಳಾರ್ಧದ ಹಲವೆಡೆ ಇಂತಹ ಹುಳುಗಳನ್ನು ಸಂಗ್ರಹಿಸಿದನು. ಟಾಸ್ಮೇನಿಯಾದಲ್ಲಿ ಹಿಡಿದ ಹುಳುಗಳನ್ನು ಸುಮಾರು ಎರಡು ತಿಂಗಳು ಸಾಕಿ, ಒಂದನ್ನು ಅಡ್ಡಲಾಗಿ ಕತ್ತರಿಸಿದಾಗ ಎರಡು ವಾರಗಳಲ್ಲಿ ಎರಡೂ ತುಂಡುಗಳು ಪೂರ್ಣ ಆಕಾರ ತಳೆದುದನ್ನು ದಾಖಲಿಸಿದನು. 1844ರಲ್ಲಿ ಈ ಹುಳುಗಳ ಬಗ್ಗೆ ಲೇಖನ ಪ್ರಕಟಿಸಿದನು. ಕೊಳೆತ ಮರವೇ ಇವುಗಳ ಆಹಾರ ಎಂದು ಡಾರ್ವಿನ್ ಭಾವಿಸಿದ್ದನು. ಹುಳುಗಳು ಮರದಡಿಯಲ್ಲಿ ಸಿಗುವುದು ಅಲ್ಲಿನ ತೇವಕ್ಕಾಗಿ ಮತ್ತು ಬೇಟೆಗಾಗಿ ಎಂಬುದು ಆಮೇಲೆ ಸ್ಪಷ್ಟವಾಯಿತು.

ಪಶ್ಚಿಮ ಘಟ್ಟಕ್ಕೆ ಹತ್ತಿರವಾದ ಮೊದಲ ಮುಖ್ಯ ಅಧ್ಯಯನಗಳು ಶ್ರೀಲಂಕಾದಲ್ಲಿ ನಡೆದವು. ಜೀವವೈವಿಧ್ಯದ ದೃಷ್ಟಿಯಿಂದ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾಗಳನ್ನು ಒಂದೇ ವಲಯವಾಗಿ ಪರಿಗಣಿಸಲಾಗುತ್ತದೆ. 1871ರ ಡಿಸೆಂಬರಿನ ಸೂರ್ಯಗ್ರಹಣವನ್ನು ವೀಕ್ಷಿಸಲು ಬಂದ ಬ್ರಿಟಿಷ್ ತಂಡದಲ್ಲಿದ್ದ ಹೆನ್ರಿ ನಾಟಿಜ್ ಮೋಸ್ಲಿ ಅಲ್ಲಿನ ನೆಲವಾಸಿ ಹುಳುಗಳನ್ನು ಸಂಗ್ರಹಿಸಿ, ಅವುಗಳ ದೇಹವನ್ನು ತೆಳುವಾದ ಪದರಗಳಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದನು. 1874ರಲ್ಲಿ ಪ್ರಕಟವಾದ ಆತನ ಪ್ರಬಂಧವು ಈ ಪ್ರಾಣಿಗಳ ಅಂಗರಚನೆಯ ಅಧ್ಯಯನಕ್ಕೆ ತಳಹದಿಯಾಯಿತು. ಇದೇ ಮೋಸ್ಲಿ 1878ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಗಾಜಿನಮನೆಯಲ್ಲಿ ಸಿಕ್ಕ ಹುಳುವಿಗೆ ಬೈಪ್ಯಾಲಿಯಮ್ ಕ್ಯೂಯೆನ್ಸಿ ಎಂದು ಹೆಸರಿಟ್ಟನು. ಆಗ್ನೇಯ ಏಷ್ಯಾ ಮೂಲದ ಈ ಹುಳು ಗಿಡಗಳ ಮಣ್ಣಿನೊಂದಿಗೆ ಅಲ್ಲಿಗೆ ತಲುಪಿತ್ತು. ಹೀಗೆ ಉಷ್ಣವಲಯದ ಪ್ರಾಣಿಯೊಂದು ಲಂಡನ್ನಿನ ಹೆಸರನ್ನು ಹೊತ್ತುಕೊಂಡಿತು.

ಆಸ್ಟ್ರಿಯಾದ ಲುಡ್ವಿಗ್ ಫಾನ್ ಗ್ರಾಫ್ 1899ರಲ್ಲಿ ಆವರೆಗೆ ತಿಳಿದಿದ್ದ ಎಲ್ಲ ನೆಲವಾಸಿ ಹುಳುಗಳ ಬೃಹತ್ ಗ್ರಂಥವನ್ನು ಹೊರತಂದನು. ಭಾರತದ ಹುಳುಗಳ ಕುರಿತು ಆರ್. ಎಚ್. ವೈಟ್‌ಹೌಸ್ ಅವರ ಪ್ರಬಂಧವು 1919ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಸಂಶೋಧನ ಪತ್ರಿಕೆಯಲ್ಲಿ ಪ್ರಕಟವಾಯಿತು.

ವರ್ಗೀಕರಣ

ಹಳೆಯ ಪಠ್ಯಪುಸ್ತಕಗಳಲ್ಲಿ ಚಪ್ಪಟೆ ಹುಳುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗುತ್ತಿತ್ತು: ಸ್ವತಂತ್ರಜೀವಿಗಳಾದ ಟರ್ಬೆಲ್ಲೇರಿಯಾ, ಯಕೃತ್ತಿನ ಹುಳು ಮೊದಲಾದ ಟ್ರೆಮಟೋಡಾ ಮತ್ತು ಲಾಡಿಹುಳುಗಳ ಸೆಸ್ಟೋಡಾ. ಟರ್ಬೆಲ್ಲೇರಿಯಾ ಒಂದೇ ಮೂಲದಿಂದ ಬಂದ ಎಲ್ಲ ವಂಶಜರನ್ನೂ ಒಳಗೊಂಡ ಸಹಜ ಗುಂಪಲ್ಲವೆಂದು ಈಗ ತಿಳಿದಿದೆ. ಪರಾವಲಂಬಿ ಹುಳುಗಳು ಸ್ವತಂತ್ರಜೀವಿ ಹುಳುಗಳ ನಡುವಿನಿಂದಲೇ ಕವಲೊಡೆದಿವೆ. ಆದ್ದರಿಂದ ಆಧುನಿಕ ವರ್ಗೀಕರಣದಲ್ಲಿ ಟರ್ಬೆಲ್ಲೇರಿಯಾ ಎಂಬ ವರ್ಗವನ್ನು ಕೈಬಿಡಲಾಗಿದೆ.

ಟ್ರೈಕ್ಲಾಡಿಡಾ ಗಣವನ್ನು ಹಿಂದೆ ವಾಸಸ್ಥಳದ ಆಧಾರದ ಮೇಲೆ ಸಮುದ್ರವಾಸಿ, ಸಿಹಿನೀರವಾಸಿ, ನೆಲವಾಸಿ ಎಂದು ಮೂರಾಗಿ ಮಾಡಲಾಗಿತ್ತು. ಸಿಹಿನೀರಿನವು ಪಲುಡಿಕೋಲಾ, ನೆಲದವು ಟೆರಿಕೋಲಾ ಎನಿಸಿಕೊಂಡಿದ್ದವು. 1998ರಲ್ಲಿ ಪ್ರಕಟವಾದ ಅನುವಂಶಿಕ ಅಧ್ಯಯನವು ಈ ವಿಂಗಡಣೆಯನ್ನು ಬದಲಿಸಿತು. ರೈಬೋಸೋಮಿನ ಒಂದು ಜೀನ್ ಇಮ್ಮಡಿಯಾಗಿರುವುದು ನೆಲವಾಸಿ ಹುಳುಗಳಲ್ಲಿಯೂ ಡುಗೆಸಿಡೆ ಎಂಬ ಸಿಹಿನೀರಿನ ಕುಟುಂಬದಲ್ಲಿಯೂ ಕಂಡುಬಂದಿತು. ಅಂದರೆ ಡುಗೆಸಿಡೆ ಕುಟುಂಬಕ್ಕೆ ಇತರ ಸಿಹಿನೀರಿನ ಹುಳುಗಳಿಗಿಂತ ನೆಲವಾಸಿಗಳೇ ಹತ್ತಿರದ ಸಂಬಂಧಿಗಳು. ಹೀಗಾಗಿ ಸಿಹಿನೀರಿನ ಮತ್ತು ನೆಲದ ಹುಳುಗಳನ್ನು ಕಾಂಟಿನೆಂಟಿಕೋಲಾ ಎಂಬ ಒಂದೇ ಉಪಗಣದಲ್ಲಿ ಸೇರಿಸಲಾಯಿತು. 2009ರಲ್ಲಿ ಸ್ಲೈಸ್ ಮತ್ತು ಸಂಗಡಿಗರು ಪ್ರಕಟಿಸಿದ ವರ್ಗೀಕರಣದಲ್ಲಿ ಎಲ್ಲ ನೆಲವಾಸಿಗಳೂ ಜಿಯೋಪ್ಲಾನಿಡೆ ಎಂಬ ಒಂದೇ ಕುಟುಂಬದ ಕೆಳಗೆ ಬಂದವು. ಹಿಂದಿನ ಪ್ರತ್ಯೇಕ ಕುಟುಂಬಗಳು ಉಪಕುಟುಂಬಗಳಾದವು.

ಮುಖ್ಯ ಉಪಕುಟುಂಬಗಳು ಹೀಗಿವೆ.

ಬೈಪ್ಯಾಲಿನೆ: ಅಗಲವಾದ, ಅರ್ಧಚಂದ್ರಾಕಾರದ ತಲೆ ಮತ್ತು ಅನೇಕ ಕಣ್ಣುಗಳು. ಮೂಲ ನೆಲೆ ದಕ್ಷಿಣ, ಆಗ್ನೇಯ ಹಾಗೂ ಪೂರ್ವ ಏಷ್ಯಾ ಮತ್ತು ಮಡಗಾಸ್ಕರ್.

ಜಿಯೋಪ್ಲಾನಿನೆ: ಅನೇಕ ಕಣ್ಣುಗಳು; ವೃಷಣಗಳು ಬೆನ್ನಿನ ಕಡೆಗೆ ಇರುತ್ತವೆ. ಮೂಲ ನೆಲೆ ದಕ್ಷಿಣ ಮತ್ತು ಮಧ್ಯ ಅಮೆರಿಕ. ಒಬಾಮಾ ಎಂಬ ಕುಲ ಇದರಲ್ಲಿದೆ. ತುಪಿ ಭಾಷೆಯಲ್ಲಿ ಎಲೆ ಮತ್ತು ಪ್ರಾಣಿ ಎಂಬ ಅರ್ಥದ ಎರಡು ಪದಗಳಿಂದ ಈ ಹೆಸರಾಗಿದೆ; ಅಮೆರಿಕದ ಅಧ್ಯಕ್ಷರ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ.

ರಿಂಕೋಡೆಮಿನೆ: ವೃಷಣಗಳು ಹೊಟ್ಟೆಯ ಕಡೆಗೆ ಇರುತ್ತವೆ. ಎರಡು ಕಣ್ಣುಗಳುಳ್ಳವೂ ಅನೇಕ ಕಣ್ಣುಗಳುಳ್ಳವೂ ಇದರಲ್ಲಿವೆ. ಡೋಲಿಕೋಪ್ಲಾನಾ, ಪ್ಲ್ಯಾಟಿಡೆಮಸ್, ಆರ್ಥರ್‌ಡೆಂಡಿಯಸ್ ಕುಲಗಳು ಈ ಗುಂಪಿನವು.

ಮೈಕ್ರೋಪ್ಲಾನಿನೆ: ಚಿಕ್ಕ ಗಾತ್ರ, ಎರಡು ಕಣ್ಣುಗಳು, ಹೊರಚರ್ಮದ ಕೆಳಗಿನ ನೀಳ ಸ್ನಾಯುಗಳು ದುರ್ಬಲ. ಮುಖ್ಯವಾಗಿ ಯುರೋಪ್ ಮತ್ತು ಆಫ್ರಿಕಾದಲ್ಲಿವೆ.

ಇವಲ್ಲದೆ ಚಿಲಿ ದೇಶದ ಕೆಲವು ಪ್ರಭೇದಗಳಿಗಾಗಿ ಟಿಮಿಮಿನೆ ಮತ್ತು ಪಾಲಿಕ್ಲಾಡಿನೆ ಎಂಬ ಉಪಕುಟುಂಬಗಳಿವೆ.

ಪ್ರಭೇದವನ್ನು ಗುರುತಿಸುವ ಕ್ರಮ

ತಲೆಯ ಆಕಾರವನ್ನು ನೋಡಿ ಒಂದು ಹುಳು ಬೈಪ್ಯಾಲಿನೆ ಉಪಕುಟುಂಬಕ್ಕೆ ಸೇರಿದ್ದೆಂದು ಹೇಳಬಹುದು. ಆದರೆ ಪ್ರಭೇದದ ಹೆಸರನ್ನು ಛಾಯಾಚಿತ್ರದಿಂದ ಮಾತ್ರ ನಿಶ್ಚಯಿಸುವುದು ಹೆಚ್ಚಿನ ಸಂದರ್ಭಗಳಲ್ಲಿ ಸಾಧ್ಯವಿಲ್ಲ. ಒಂದೇ ಬಗೆಯ ಪಟ್ಟೆಗಳು ಬೇರೆಬೇರೆ ಪ್ರಭೇದಗಳಲ್ಲಿ ಇರಬಹುದು. ಒಂದೇ ಪ್ರಭೇದದಲ್ಲಿ ಪಟ್ಟೆಗಳು ಬದಲಾಗಬಹುದು. ನಿಖರವಾದ ಗುರುತಿಗೆ ಬೆಳೆದ ಹುಳುವಿನ ಸಂಭೋಗಾಂಗಗಳ ಭಾಗವನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೊಟೋಮ್ ಯಂತ್ರದಿಂದ ತೆಳುವಾದ ಪದರಗಳಾಗಿ ಕೊಯ್ದು, ಬಣ್ಣ ಹಾಕಿ ಪರಿಶೀಲಿಸಬೇಕು. ಮೋಸ್ಲಿ ಅನುಸರಿಸಿದ ಮಾರ್ಗ ಇದೇ. ಈಗ ಇದರ ಜೊತೆಗೆ ಡಿಎನ್ಎ ಪರೀಕ್ಷೆಯೂ ಸೇರಿದೆ.

ಜನನಾಂಗಗಳ ರಚನೆ ತಿಳಿಯದ ಪ್ರಭೇದಗಳನ್ನು ತಾತ್ಕಾಲಿಕವಾಗಿ ಇರಿಸಲು 2002ರಲ್ಲಿ ಕವಕತ್ಸು ಮತ್ತು ಸಂಗಡಿಗರು ಡೈವರ್ಸಿಬೈಪ್ಯಾಲಿಯಮ್ ಎಂಬ ಸಂಗ್ರಹ ಕುಲವನ್ನು ರಚಿಸಿದರು. ತುಂಡಾಗುವಿಕೆಯಿಂದಲೇ ವೃದ್ಧಿಯಾಗುವ ಹುಳುಗಳಲ್ಲಿ ಜನನಾಂಗಗಳು ಬೆಳೆಯದೆ ಇರುವುದರಿಂದ ಅವುಗಳ ಗುರುತು ಇನ್ನೂ ಕಷ್ಟ.

ವಿದ್ಯಾರ್ಥಿಗಳು ಹುಳುವನ್ನು ಕಂಡಾಗ ಕೊಲ್ಲದೆ, ಬೆನ್ನು, ತಲೆ ಮತ್ತು ಹೊಟ್ಟೆಯ ಭಾಗದ ಚಿತ್ರಗಳನ್ನು ಅಳತೆಪಟ್ಟಿಯೊಂದಿಗೆ ತೆಗೆಯುವುದು ಉಪಯುಕ್ತ. ಸ್ಥಳ, ದಿನಾಂಕ, ಸಮಯ, ಹುಳು ಏನನ್ನು ತಿನ್ನುತ್ತಿತ್ತು ಎಂಬ ವಿವರಗಳನ್ನು ಬರೆದಿಡಬೇಕು. ಹೊಟ್ಟೆಯ ಭಾಗದ ಚಿತ್ರವಿಲ್ಲದ ದಾಖಲೆಯಿಂದ ಬಾಯಿ ಮತ್ತು ಜನನರಂಧ್ರದ ಸ್ಥಾನ ತಿಳಿಯುವುದಿಲ್ಲ. ಮಾದರಿಯನ್ನು ಸಂಗ್ರಹಿಸುವ ಸಂಶೋಧಕರು ಡಿಎನ್ಎ ಪರೀಕ್ಷೆಗೆ ಮದ್ಯಸಾರವನ್ನು, ಒಳರಚನೆಯ ಅಧ್ಯಯನಕ್ಕೆ ಫಾರ್ಮಲಿನನ್ನು ಬಳಸುತ್ತಾರೆ. ಅಭಯಾರಣ್ಯಗಳಲ್ಲಿ ಸಂಗ್ರಹಣೆಗೆ ಅರಣ್ಯ ಇಲಾಖೆಯ ಅನುಮತಿ ಅಗತ್ಯ.

ಹೊರನಾಡುಗಳಿಗೆ ಹರಡುವಿಕೆ

ಕುಂಡದ ಗಿಡಗಳು ಮತ್ತು ಮಣ್ಣಿನ ಸಾಗಣೆಯೊಂದಿಗೆ ಕೆಲವು ಪ್ರಭೇದಗಳು ತಮ್ಮ ಮೂಲ ನೆಲೆಯಿಂದ ಬಹುದೂರ ಹರಡಿವೆ. ನ್ಯೂಜಿಲೆಂಡಿನ ಆರ್ಥರ್‌ಡೆಂಡಿಯಸ್ ಟ್ರೈಯಾಂಗ್ಯುಲೇಟಸ್ 1963ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಪತ್ತೆಯಾಯಿತು. ಅಲ್ಲಿ ನಡೆದ ಕ್ಷೇತ್ರಪ್ರಯೋಗವೊಂದರಲ್ಲಿ ಈ ಹುಳುವಿನಿಂದ ಎರೆಹುಳುಗಳ ಒಟ್ಟು ತೂಕ ಸುಮಾರು ಶೇಕಡಾ 20ರಷ್ಟು ಕಡಿಮೆಯಾದದ್ದು ಕಂಡುಬಂದಿತು.

ನ್ಯೂಗಿನಿಯ ಪ್ಲ್ಯಾಟಿಡೆಮಸ್ ಮನೊಕ್ವಾರಿ ಬಸವನಹುಳುಗಳನ್ನು ತಿನ್ನುತ್ತದೆ. ಆಫ್ರಿಕಾದ ದೈತ್ಯ ಬಸವನಹುಳುವನ್ನು ಹತೋಟಿಗೆ ತರಲೆಂದು ಫಿಲಿಪ್ಪೀನ್ಸ್‌ನ ಬಗ್‌ಸುಕ್ ಹಾಗೂ ಮಾಲ್ಡೀವ್ಸ್ ಮೊದಲಾದ ದ್ವೀಪಗಳಲ್ಲಿ ಇದನ್ನು ಬಿಡಲಾಯಿತು. ಆದರೆ ಪೆಸಿಫಿಕ್ ದ್ವೀಪಗಳಲ್ಲಿ ಇದು ಪಿಡುಗನ್ನಷ್ಟೇ ತಿನ್ನದೆ, ಬೇರೆಲ್ಲೂ ಇಲ್ಲದ ಸ್ಥಳೀಯ ಬಸವನಹುಳುಗಳ ನಾಶಕ್ಕೂ ಕಾರಣವಾಯಿತು. ಜಗತ್ತಿನ ಅತ್ಯಂತ ಹಾನಿಕಾರಕ 100 ಆಕ್ರಮಣಕಾರಿ ಪ್ರಭೇದಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಆಫ್ರಿಕಾದ ದೈತ್ಯ ಬಸವನಹುಳು ಕೊಡಗು ಮೊದಲಾದ ಕಡೆ ತೋಟಗಾರಿಕೆಗೆ ಪಿಡುಗಾಗಿರುವುದರಿಂದ ಈ ಅನುಭವ ಕರ್ನಾಟಕಕ್ಕೂ ಪ್ರಸ್ತುತ. ಪಶ್ಚಿಮ ಘಟ್ಟದಲ್ಲಿ ಸ್ಥಳೀಯ ಬಸವನಹುಳುಗಳ ಅನೇಕ ಪ್ರಭೇದಗಳಿವೆ. ಹೊರಗಿನ ಚಪ್ಪಟೆ ಹುಳುವನ್ನು ತಂದು ಬಿಟ್ಟರೆ ಅವುಗಳಿಗೂ ಅಪಾಯ.

ಮನುಷ್ಯರು ಮತ್ತು ಕೃಷಿ

ನೆಲವಾಸಿ ಚಪ್ಪಟೆ ಹುಳುಗಳು ಮನುಷ್ಯರ ಪರಾವಲಂಬಿಗಳಲ್ಲ. ಲಾಡಿಹುಳು ಮತ್ತು ಯಕೃತ್ತಿನ ಹುಳು ಇದೇ ವಂಶದವಾದರೂ ಅವುಗಳ ಜೀವನಕ್ರಮ ಬೇರೆ. ಆದರೂ ಲೋಳೆಯು ಕೆಲವರ ಚರ್ಮಕ್ಕೆ ಕಿರಿಕಿರಿ ಉಂಟುಮಾಡಬಹುದು. ಕೆಲವು ಪ್ರಭೇದಗಳಲ್ಲಿ ನರವಿಷವೂ ಇದೆ. ಆದ್ದರಿಂದ ಬರಿಗೈಯಿಂದ ಮುಟ್ಟದಿರುವುದು, ಮುಟ್ಟಿದರೆ ಸಾಬೂನಿನಿಂದ ಕೈತೊಳೆಯುವುದು, ಮಕ್ಕಳು ಹಾಗೂ ಸಾಕುಪ್ರಾಣಿಗಳು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳುವುದು ಒಳ್ಳೆಯದು. ಸೊಪ್ಪು ತರಕಾರಿಯನ್ನು ತೊಳೆದು ಬಳಸಬೇಕು.

ಕಾಡಿನಲ್ಲಿ ಮತ್ತು ತೋಟದಲ್ಲಿ ಸ್ಥಳೀಯ ಪ್ರಭೇದಗಳು ಮಣ್ಣಿನ ಆಹಾರ ಸರಪಳಿಯ ಸಹಜ ಬೇಟೆಗಾರರು. ಅವು ಎರೆಹುಳುಗಳೊಂದಿಗೆ ಬಹುಕಾಲದಿಂದ ಸಹಬಾಳ್ವೆ ನಡೆಸಿವೆ. ಅಲ್ಲಿ ಅವನ್ನು ಕೊಲ್ಲುವ ಅಗತ್ಯವಿಲ್ಲ. ಎರೆಗೊಬ್ಬರದ ತೊಟ್ಟಿಯ ಪರಿಸ್ಥಿತಿ ಬೇರೆ. ಇಕ್ಕಟ್ಟಾದ ಜಾಗದಲ್ಲಿ ಎರೆಹುಳುಗಳು ದಟ್ಟವಾಗಿರುವುದರಿಂದ ಒಳಹೊಕ್ಕ ಚಪ್ಪಟೆ ಹುಳುವಿಗೆ ಬೇಟೆ ಸುಲಭ. ತೊಟ್ಟಿಯನ್ನು ನೆಲದಿಂದ ಎತ್ತರಿಸುವುದು, ಸುತ್ತ ತೇವವಾದ ಹಲಗೆ, ಗೋಣಿಚೀಲಗಳನ್ನು ಬಿಡದಿರುವುದು, ನರ್ಸರಿಯಿಂದ ತಂದ ಸಸಿಗಳ ಮಣ್ಣನ್ನು ಪರೀಕ್ಷಿಸುವುದು ಸೂಕ್ತ. ತೊಟ್ಟಿಯಲ್ಲಿ ಹುಳು ಕಂಡರೆ ಕತ್ತರಿಸದೆ, ಕಡ್ಡಿ ಅಥವಾ ಎಲೆಯಿಂದ ಎತ್ತಿ ಹೊರತೆಗೆಯಬೇಕು. ತೊಟ್ಟಿಗೆ ಉಪ್ಪು ಹಾಕಿದರೆ ಎರೆಹುಳುಗಳೂ ಸಾಯುತ್ತವೆ.

ಸಂರಕ್ಷಣೆ

ತೇವ ಕಡಿಮೆಯಾದ ಕೂಡಲೇ ಬಾಧೆಗೊಳಗಾಗುವುದರಿಂದಲೂ, ಒಂದು ಕಾಡಿನಿಂದ ಇನ್ನೊಂದಕ್ಕೆ ತಾವಾಗಿ ಸಾಗುವ ಶಕ್ತಿ ಕಡಿಮೆ ಇರುವುದರಿಂದಲೂ ನೆಲವಾಸಿ ಚಪ್ಪಟೆ ಹುಳುಗಳನ್ನು ಕಾಡಿನ ಸ್ಥಿತಿಯ ಸೂಚಕಗಳೆಂದು ಪರಿಗಣಿಸಲಾಗುತ್ತದೆ. ಬ್ರೆಜಿಲಿನ ಅಟ್ಲಾಂಟಿಕ್ ಕಾಡುಗಳಲ್ಲಿ ಈ ದೃಷ್ಟಿಯಿಂದ ಅಧ್ಯಯನಗಳು ನಡೆದಿವೆ. ಮಲೆನಾಡಿನಲ್ಲಿ ತರಗೆಲೆಯನ್ನು ಸಂಪೂರ್ಣವಾಗಿ ಗುಡಿಸಿ ಒಯ್ಯುವುದು, ಕಾಡಿಗೆ ಬೆಂಕಿ ಬೀಳುವುದು, ನೈಸರ್ಗಿಕ ಕಾಡಿನ ಬದಲು ಒಂದೇ ಜಾತಿಯ ನೆಡುತೋಪು ಬೆಳೆಸುವುದು ಮಣ್ಣಿನ ಮೇಲ್ಪದರದ ತೇವವನ್ನು ಕಳೆಯುತ್ತವೆ. ಭದ್ರಾ, ಶೆಟ್ಟಿಹಳ್ಳಿ ಮತ್ತು ಸೋಮೇಶ್ವರ ಅಭಯಾರಣ್ಯಗಳಂತಹ ರಕ್ಷಿತ ಕಾಡುಗಳಲ್ಲಿ ಬಿದ್ದ ಮರಗಳನ್ನು ಹಾಗೆಯೇ ಕೊಳೆಯಲು ಬಿಟ್ಟಾಗ, ಹಳೆಯ ಅಡಿಕೆ ತೋಟಗಳಲ್ಲಿ ಸೊಪ್ಪಿನ ಹೊದಿಕೆಯನ್ನು ಉಳಿಸಿಕೊಂಡಾಗ, ಇವುಗಳಿಗೂ ಇವುಗಳ ಆಹಾರವಾದ ಮಣ್ಣಿನ ಇತರ ಜೀವಿಗಳಿಗೂ ನೆಲೆ ದೊರೆಯುತ್ತದೆ.